ಗಂಗೆಯ ದಡದಲ್ಲಿ ಮೂರು ರಾತ್ರಿ

ಸಾವನ್ನು ಅರಿತು ಒಪ್ಪಿಕೊಳ್ಳುವುದು ಹೇಗೆಂಬ ಪ್ರಶ್ನೆ ಎದುರಾದಾಗ ನಾವು ಸಾಮಾನ್ಯವಾಗಿ ಶಾಸ್ತ್ರಗಳ ಕಡೆಗೆ ತಿರುಗುತ್ತೇವೆ. ಕೋಲ್ಕತ್ತದ ಚರಿತ್ರೆ ಅದಕ್ಕೂ ಮೊದಲಿನ ಪ್ರಶ್ನೆಯೊಂದನ್ನು ಮುಂದಿಡುತ್ತದೆ: ಒಪ್ಪಬೇಕಾದವರು ಯಾರು?

ಹತ್ತೊಂಬತ್ತನೆಯ ಶತಮಾನದ ಬಂಗಾಳದಲ್ಲಿ 'ಅಂತರ್ಜಲಿ' ಎಂಬ ಆಚರಣೆಯಿತ್ತು. ಸಾವು ಸಮೀಪಿಸಿದವರನ್ನು ಮನೆಯಿಂದ ಗಂಗೆಯ ಘಾಟಿಗೆ ಹೊತ್ತು ತರುತ್ತಿದ್ದರು. ಕೊನೆಯ ಗಳಿಗೆಯಲ್ಲಿ ದೇಹದ ಕೆಳಭಾಗವನ್ನು ನೀರಿನಲ್ಲಿರಿಸಿ ದೇವರ ನಾಮವನ್ನು ಕೇಳಿಸುತ್ತಿದ್ದರು. ನದಿಯ ಮಡಿಲಿನಲ್ಲಿ ಪ್ರಾಣ ಬಿಟ್ಟರೆ ಸದ್ಗತಿಯೆಂಬುದು ನಂಬಿಕೆ. ಮಿಷನರಿಗಳು ಇದನ್ನು ಕೊಲೆಯೆಂದರು, ಸಂಪ್ರದಾಯಸ್ಥರು ಧರ್ಮವೆಂದರು. ಈ ವಾಗ್ವಾದದಲ್ಲಿ ಮಲಗಿದ್ದವರ ದನಿ ಮಾತ್ರ ಬಹುಮಟ್ಟಿಗೆ ಕೇಳಿಸದು.

ಅದು ಕೇಳಿಸುವ ಅಪರೂಪದ ಎಡೆಯೆಂದರೆ ದೇವೇಂದ್ರನಾಥ ಠಾಕೂರರ ಆತ್ಮಕಥೆ. 1830ರ ದಶಕದಲ್ಲಿ ಅವರ ಅಜ್ಜಿ ಅಲಕಾಸುಂದರಿಯನ್ನು ನಿಮತಲಾ ಘಾಟಿಗೆ ಒಯ್ದರು. ಆಕೆ ನಿತ್ಯ ಗಂಗಾಸ್ನಾನ ಮಾಡುತ್ತಿದ್ದ ಭಕ್ತೆ. ಆದರೂ ಮನೆ ಬಿಡಲು ಒಪ್ಪಲಿಲ್ಲ. ಮಗ ದ್ವಾರಕಾನಾಥ ಊರಿನಲ್ಲಿದ್ದಿದ್ದರೆ ತನ್ನನ್ನು ಹೀಗೆ ಸಾಗಿಸಲು ಬಿಡುತ್ತಿರಲಿಲ್ಲವೆಂದು ಪ್ರತಿಭಟಿಸಿದರು. ಯಾರೂ ಕೇಳಲಿಲ್ಲ. ದಡದ ಹೆಂಚಿನ ಚಾವಡಿಯಲ್ಲಿ ಮೂರು ರಾತ್ರಿ ಜೀವ ಹಿಡಿದರು. ಕೊನೆಯ ದಿನದ ಹಿಂದಿನ ರಾತ್ರಿ, ಬೆಳುದಿಂಗಳಿನಲ್ಲಿ ಚಾಪೆಯ ಮೇಲೆ ಕುಳಿತಿದ್ದ ತರುಣ ದೇವೇಂದ್ರನಾಥರಿಗೆ ಅಪೂರ್ವವಾದ ವೈರಾಗ್ಯವೂ ಆನಂದವೂ ಉಂಟಾದವು. ಅವರ ಮುಂದಿನ ಧಾರ್ಮಿಕ ಬದುಕಿನ ಬೀಜ ಅಲ್ಲಿದೆ. ಮೊಮ್ಮಗನಿಗೆ ಸಾವಿನ ಅರಿವು ದೊರೆತ ಎಡೆಯಲ್ಲಿಯೇ ಅಜ್ಜಿಯ ಅಸಮ್ಮತಿಯೂ ಇದ್ದಿತೆಂಬುದನ್ನು ನಾವು ಮರೆಯಬಾರದು.

ಶತಮಾನದ ಬಳಿಕ ಅದೇ ಮನೆತನದಲ್ಲಿ ಒತ್ತಾಯದ ರೂಪ ಬದಲಾಯಿತು. 1941ರ ಜುಲೈಯಲ್ಲಿ ದೇವೇಂದ್ರನಾಥರ ಮಗ ರವೀಂದ್ರನಾಥರನ್ನು ಶಾಂತಿನಿಕೇತನದಿಂದ ಜೋಡಾಸಾಂಕೋ ಮನೆಗೆ ಕರೆತಂದರು. ಶಸ್ತ್ರಚಿಕಿತ್ಸೆ ಅವರಿಗೆ ಇಷ್ಟವಿರಲಿಲ್ಲ, ವೈದ್ಯರಲ್ಲಿಯೂ ಒಮ್ಮತವಿರಲಿಲ್ಲ. ಜುಲೈ 30ರಂದು ಅದು ನಡೆಯಿತು, ಆಗಸ್ಟ್ 7ರಂದು ಕವಿ ತೀರಿಕೊಂಡರು. ಅಜ್ಜಿಯನ್ನು ಒಯ್ದದ್ದು ಸದ್ಗತಿಗಾಗಿ, ಕವಿಯನ್ನು ತಂದದ್ದು ಬದುಕಿಗಾಗಿ. ಎರಡೂ ಕಡೆ ಪ್ರೀತಿಯೇ ತೀರ್ಮಾನಿಸಿತು.

ಕೇಳಲು ತಮ್ಮವರೇ ಇಲ್ಲದವರ ಪಾಡು ಇನ್ನೊಂದು. ಅವರಿಗಾಗಿ ಮದರ್ ತೆರೇಸಾ 1952ರಲ್ಲಿ ಕಾಳಿಘಾಟಿನ ಯಾತ್ರಿಕರ ಛತ್ರವೊಂದರಲ್ಲಿ 'ನಿರ್ಮಲ ಹೃದಯ'ವನ್ನು ತೆರೆದರು. ಬೀದಿಯಲ್ಲಿ ಸಾಯುತ್ತಿದ್ದವರಿಗೆ ಹಾಸಿಗೆಯೂ ಕೈಹಿಡಿಯುವವರೂ ದೊರೆತರು. ಆದರೆ 1994ರಲ್ಲಿ ಅದನ್ನು ಕಂಡ 'ಲ್ಯಾನ್ಸೆಟ್' ಪತ್ರಿಕೆಯ ಸಂಪಾದಕ ರಾಬಿನ್ ಫಾಕ್ಸ್, ಅಲ್ಲಿ ಬಲವಾದ ನೋವುನಿವಾರಕಗಳಿಲ್ಲವೆಂದು ಆಕ್ಷೇಪಿಸಿದರು. ನೋವನ್ನು ತಣಿಸದೆ ಸಾವನ್ನು ಒಪ್ಪಿಕೋ ಎನ್ನುವುದು ಪೂರ್ಣ ಕರುಣೆಯಾಗದು.

ನಮ್ಮ ಶ್ರವಣಬೆಳಗೊಳದ ನಿಸಿದಿಗೆ ಶಾಸನಗಳು ಸಲ್ಲೇಖನವನ್ನು ಸಾಯುವವರೇ ಕೈಗೊಂಡ ವ್ರತವೆಂದು ಸ್ಮರಿಸುತ್ತವೆ. ಅಲ್ಲಿ ಕ್ರಿಯೆಯ ಕರ್ತೃ ಸಾಯುವವರೇ. 2018ರಲ್ಲಿ ಸುಪ್ರೀಂ ಕೋರ್ಟು, ಜೀವರಕ್ಷಕ ಯಂತ್ರಗಳು ತಮಗೆ ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಮಾನ್ಯಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದರ ಜಾರಿಗೆ ಆದೇಶ ಹೊರಡಿಸಿತು. ಕಾನೂನು ಕೊಡಬಲ್ಲದ್ದು ಕಾಗದವನ್ನು. ಮಾತನಾಡಲು ಶಕ್ತಿಯಿರುವಾಗಲೇ ಮನೆಯ ಹಿರಿಯರನ್ನು ಕೇಳುವ ಕೆಲಸ ನಮ್ಮದು. ಅಲಕಾಸುಂದರಿಗೆ ಮಾತನಾಡುವ ಶಕ್ತಿ ಇತ್ತು, ಕೇಳುವವರಿರಲಿಲ್ಲ.