ಗಾಲ್ಟನ್ ಮಹಾಶಯನ ಎರಡು ಪುಸ್ತಕಗಳು

ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಫ್ರಾನ್ಸಿಸ್ ಗಾಲ್ಟನ್ನನ ಹೆಸರನ್ನು ನಾನು ಬಹುಕಾಲ ಭಕ್ತಿಯಿಂದಲೇ ಹೇಳುತ್ತಿದ್ದೆ. ಎರಡು ಅಳತೆಗಳ ನಡುವಣ ಸಂಬಂಧವನ್ನು ಲೆಕ್ಕಕ್ಕೆ ತಂದವನು, ಬೆರಳಚ್ಚಿನ ಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲೊಬ್ಬ, ಇನ್ನೇನು ಬೇಕು?

ಅವನ 1869ರ ‘ಹೆರೆಡಿಟರಿ ಜೀನಿಯಸ್’ ಗ್ರಂಥವನ್ನು ನಾನು ಓದಿದ್ದು ನಿವೃತ್ತನಾದ ಮೇಲೆ. ಜನಾಂಗಗಳನ್ನು ಬುದ್ಧಿಯ ಮೆಟ್ಟಿಲುಗಳ ಮೇಲೆ ನಿಲ್ಲಿಸಿ, ಆಫ್ರಿಕದವರಿಗೆ ಆಂಗ್ಲರಿಗಿಂತ ಎರಡು ಮೆಟ್ಟಿಲು ಕೆಳಗೆ ಜಾಗ ಕೊಟ್ಟಿದ್ದಾನೆ ಮಹಾಶಯ! ಅಳೆದದ್ದು ಯಾವ ಕೋಲಿನಿಂದ? ಪ್ರವಾಸಿಗಳ ಮಾತು, ತನ್ನ ಕಣ್ಣಂದಾಜು, ಅಷ್ಟೆ. ‘ಉತ್ತಮ’ರ ಸಂತಾನ ಬೆಳೆಯಬೇಕು, ಉಳಿದವರದು ತಗ್ಗಬೇಕು ಎಂಬ ವಾದಕ್ಕೆ 1883ರಲ್ಲಿ ‘ಯುಜೆನಿಕ್ಸ್’ ಎಂದು ಹೆಸರಿಟ್ಟವನೂ ಇವನೇ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು 1892ರ ‘ಫಿಂಗರ್ ಪ್ರಿಂಟ್ಸ್’. ಬೆರಳ ಗೆರೆಗಳಲ್ಲಿ ಜನಾಂಗದ ಗುರುತು ಸಿಕ್ಕೀತೆಂದು ಆಸೆಪಟ್ಟು, ಇಂಗ್ಲಿಷರು, ವೇಲ್ಸಿನವರು, ಯೆಹೂದ್ಯರು, ಬಾಸ್ಕ್ ಜನ, ಆಫ್ರಿಕ ಮೂಲದವರು ಎಲ್ಲರ ಅಚ್ಚುಗಳನ್ನೂ ಕೂಡಿಹಾಕಿ ಎಣಿಸಿದ. ಸಿಗಲಿಲ್ಲ. ಸಿಗಲಿಲ್ಲವೆಂದು ಮುಚ್ಚುಮರೆಯಿಲ್ಲದೆ ಬರೆದ. ಆ ಪುಟಕ್ಕೆ ನಾನು ಈಗಲೂ ತಲೆಬಾಗುತ್ತೇನೆ.

ಬೆರಳು ಹೇಳಿದ್ದು ಮಾತ್ರ ತಲೆಗೆ ಮುಟ್ಟಲಿಲ್ಲ. 1911ರಲ್ಲಿ ಸಾಯುವಾಗಲೂ, ಯುಜೆನಿಕ್ಸ್‌ಗೆ ಲಂಡನ್ನಿನಲ್ಲೊಂದು ಪ್ರಾಧ್ಯಾಪಕ ಪೀಠವಿರಲೆಂದು ಉಯಿಲಿನಲ್ಲಿ ಹಣವಿಟ್ಟು ಹೋದ. ಅಲ್ಲಿನ ಯೂನಿವರ್ಸಿಟಿ ಕಾಲೇಜು 2020ರಲ್ಲಿ ತನ್ನ ಉಪನ್ಯಾಸ ಮಂದಿರದಿಂದ ಅವನ ಹೆಸರನ್ನು ಇಳಿಸಿತು.

ನಾನಿನ್ನೂ ಪಾಠ ಹೇಳುತ್ತಿದ್ದರೆ ಹೆಸರನ್ನು ಬಿಡುತ್ತಿರಲಿಲ್ಲ. ಆ ಎರಡು ಪುಸ್ತಕಗಳನ್ನೂ ಹುಡುಗರ ಮುಂದೆ ಒಂದೇ ಮೇಜಿನ ಮೇಲೆ ಇಡುತ್ತಿದ್ದೆ. ಇಷ್ಟು ವರ್ಷ ಒಂದನ್ನೂ ತೆರೆಯದೆ ಪಾಠ ಹೇಳಿದ್ದೆನೆಂಬುದನ್ನೂ ಹೇಳುತ್ತಿದ್ದೆ.