ಜಯಲಕ್ಷ್ಮಿವಿಲಾಸ: ಹಲವು ಶೈಲಿಗಳ ಒಂದು ಮನೆ

ಮೈಸೂರು ಎಂದೊಡನೆ ಅಂಬಾವಿಲಾಸ ಅರಮನೆ ನೆನಪಿಗೆ ಬರುವುದು ಸಹಜ. ಆದರೆ ಮಾನಸಗಂಗೋತ್ರಿಯ ಆವರಣದಲ್ಲಿರುವ ಜಯಲಕ್ಷ್ಮಿವಿಲಾಸದ ಕಥೆಯೂ ಅಷ್ಟೇ ಸ್ವಾರಸ್ಯಕರವಾದುದು.

ಹತ್ತನೆಯ ಚಾಮರಾಜ ಒಡೆಯರ ಹಿರಿಯ ಪುತ್ರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹ 1897ರಲ್ಲಿ ಎಂ. ಕಾಂತರಾಜ ಅರಸರೊಡನೆ ನೆರವೇರಿತು. ಆ ಮದುವೆಯ ಸಂಭ್ರಮದ ದಿನಗಳಲ್ಲೇ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1905ರಲ್ಲಿ, ಈ ರಾಜಕುಮಾರಿಗಾಗಿ ಕಟ್ಟಿಸಿದ ಸೌಧವೇ ಜಯಲಕ್ಷ್ಮಿವಿಲಾಸ. ಕಾಂತರಾಜ ಅರಸರು ಮುಂದೆ ವಿಶ್ವೇಶ್ವರಯ್ಯನವರ ನಂತರ ಮೈಸೂರಿನ ದಿವಾನರಾದರು.

ಸೌಧದ ಹೊರನೋಟ ಐರೋಪ್ಯ ಶೈಲಿಯದು. ಜೋಡಿ ಜೋಡಿಯಾಗಿ ನಿಂತ ಕಾರಿಂಥಿಯನ್ ಮತ್ತು ಅಯಾನಿಕ್ ಕಂಬಗಳು ಗ್ರೀಕ್-ರೋಮನ್ ಪರಂಪರೆಯನ್ನು ನೆನಪಿಸುತ್ತವೆ. ಆದರೆ ಪ್ರಧಾನ ಮಂಟಪದ ಮೇಲೆ ಆನೆಗಳ ನಡುವೆ ಕುಳಿತಿರುವವಳು ನಮ್ಮ ಗಜಲಕ್ಷ್ಮಿ! ಒಳಗೆ ಕಾಲಿಟ್ಟರೆ ಕೆತ್ತನೆಯ ಮರದ ಕಂಬಗಳು, ಬಣ್ಣದ ಗಾಜಿನ ಬೆಳಕು, ಕಲ್ಯಾಣ ಮಂಟಪ, ಭುವನೇಶ್ವರಿ ಮಂಟಪ. ಹೊರಗಿನ ಗಾಂಭೀರ್ಯ ದರ್ಬಾರಿನ ಘನತೆಗೆ, ಒಳಗಿನ ವಿನ್ಯಾಸ ಹಬ್ಬ, ಮದುವೆ, ಪೂಜೆಗಳ ಬದುಕಿಗೆ. ಬೇರೆಬೇರೆ ಶೈಲಿಗಳನ್ನು ಹೀಗೆ ಒಂದೇ ಮಾಡಿನಡಿ ಕೂಡಿಸಿದ್ದು ಬರಿಯ ಅನುಕರಣೆಯಲ್ಲ. ತಮಗೆ ಬೇಕಾದುದನ್ನು ಆರಿಸಿಕೊಳ್ಳುವ ವಿವೇಕ.

ರಾಜಾಳ್ವಿಕೆ ಮುಗಿದ ಮೇಲೆ ಈ ಮನೆ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತು. 1960ರ ದಶಕದ ಕೊನೆಯ ವೇಳೆಗೆ ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ರೂಪುಗೊಂಡಿತು. ದೇ. ಜವರೇಗೌಡ, ಜೀ.ಶಂ. ಪರಮಶಿವಯ್ಯ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಅವರ ಶ್ರಮ ಇದರ ಹಿಂದಿದೆ. ತೊಗಲುಗೊಂಬೆ, ಯಕ್ಷಗಾನದ ವೇಷಭೂಷಣ, ಸೋಮನ ಮುಖ, ರೈತರ ಉಪಕರಣಗಳು ರಾಜಕುಮಾರಿಯ ಅಂಗಳಕ್ಕೆ ಬಂದವು. ಯಾರ ತೆರಿಗೆ ಮತ್ತು ಬೆವರಿನಿಂದ ಇಂಥ ಸೌಧಗಳು ಎದ್ದವೋ, ಅವರ ಬದುಕೇ ಒಳಗೆ ಗೌರವದ ಸ್ಥಾನ ಪಡೆಯಿತು. ಈ ಮನೆಯ ನಿಜವಾದ ಹಿರಿಮೆ ಇದು.

ಆದರೆ ಇಟ್ಟಿಗೆ, ಗಾರೆ, ಮರಗಳಿಗೂ ವಯಸ್ಸಾಗುತ್ತದೆ. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರ ನಡೆದು 2006ರಲ್ಲಿ ಸೌಧ ಮತ್ತೆ ಕಳೆಗಟ್ಟಿತು. ಆನಂತರದ ವರ್ಷಗಳಲ್ಲಿ ಶಿಥಿಲತೆ ಮತ್ತೆ ತಲೆದೋರಿತು. ಮಾಡಿನಲ್ಲಿ ಒಂದು ಬಿರುಕು ಬಿಟ್ಟರೆ ಸಾಕು, ಮಳೆನೀರು ಮರದ ತೊಲೆಗಿಳಿಯುತ್ತದೆ. ಕೆಳಗಿರುವ ತೊಗಲುಗೊಂಬೆ ತೇವಕ್ಕೆ ಮುದುಡುತ್ತದೆ. ಹಳೆಯ ಸುಣ್ಣದ ಗಾರೆಯ ಮೇಲೆ ಸಿಮೆಂಟು ಮೆತ್ತಿದರೆ ತೇವ ಹೊರಹೋಗಲಾರದೆ ಗೋಡೆ ಒಳಗೊಳಗೇ ಕೆಡುತ್ತದೆ. ಆದ್ದರಿಂದ ಒಮ್ಮೆ ಮಾಡಿ ಮುಗಿಸುವ ದುರಸ್ತಿಗಿಂತ ವರ್ಷವರ್ಷವೂ ನಡೆಯುವ ಆರೈಕೆ ಮುಖ್ಯ.

ಇಲ್ಲಿ ಮನೆ ಉಳಿದರೆ ಮಾತ್ರ ಸಂಗ್ರಹ ಉಳಿದೀತು. ಎರಡೂ ಕನ್ನಡಿಗರ ಆಸ್ತಿ ಎಂಬುದನ್ನು ನಾವು ಮರೆಯಬಾರದು.