ಓನಾಮಕ್ಕೆ ಮೊದಲು

‘ಉಜ್ಜಿನಿ ಒಳಗೆ ನೋಡು, ಕುರುವತ್ತಿ ಹೊರಗೆ ನೋಡು’ ಎಂಬುದು ಕೂಡ್ಲಿಗಿ, ಹಡಗಲಿ ಸೀಮೆಯ ಹಳೆಯ ಮಾತು. ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯ ಸೊಬಗು ಹೊರಗಡೆಯೇ ಕಣ್ಣಿಗೆ ಬೀಳುತ್ತದೆ. ಉಜ್ಜಿನಿಯ ಗುಡಿಯ ಕೆತ್ತನೆಯನ್ನು ಕಾಣಬೇಕಾದರೆ ಬಾಗಿಲು ದಾಟಿ ಒಳಗೆ ಹೋಗಬೇಕು. ವಿದ್ಯಾಭ್ಯಾಸದ ಚರಿತ್ರೆಗೂ ಈ ಮಾತು ಸಲ್ಲುತ್ತದೆಂದು ನನಗೆ ಅನೇಕ ಸಲ ತೋರಿದೆ. ಎಷ್ಟು ಶಾಲೆ, ಎಷ್ಟು ಮಕ್ಕಳು, ಎಷ್ಟು ಖರ್ಚು ಎಂಬ ಲೆಕ್ಕ ಹೊರಗಿನದು. ಮಗುವಿಗೆ ಮಾತು ಹೇಗೆ ಬಂತು, ಅದನ್ನು ಯಾರು ಕೊಟ್ಟರು ಎಂಬುದು ಒಳಗಿನದು. ಹೊರಗಿನ ಲೆಕ್ಕ ಕಾಗದದಲ್ಲಿ ಉಳಿಯುತ್ತದೆ, ಒಳಗಿನದು ಉಳಿಯುವುದಿಲ್ಲ.

ಈ ಸೀಮೆಯ ಮಟ್ಟಿಗೆ ಹೊರಗಿನ ಲೆಕ್ಕ ನಮ್ಮ ಪುಣ್ಯದಿಂದ ಚೆನ್ನಾಗಿಯೇ ಉಳಿದಿದೆ. ಮದರಾಸಿನ ಗವರ್ನರಾಗಿದ್ದ ತಾಮಸ್ ಮನ್ರೋ 1822ರ ಜೂನ್ 25ರಂದು, ಪ್ರತಿಯೊಂದು ಜಿಲ್ಲೆಯ ನಾಡಶಾಲೆಗಳ ಸ್ಥಿತಿಯನ್ನು ವಿಚಾರಿಸಿ ತಿಳಿಸಬೇಕೆಂದು ಬರೆದನು. ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಉತ್ತರ ಕಳುಹಿಸಿದನು. ಈತ ತೆಲುಗು ವ್ಯಾಕರಣವನ್ನು ಬರೆದಿದ್ದ ಪಂಡಿತ; ಆದುದರಿಂದ ಅಂಕೆಗಳನ್ನು ಒಪ್ಪಿಸಿ ಸುಮ್ಮನಾಗಲಿಲ್ಲ, ಶಾಲೆಯೊಳಗೆ ನಡೆಯುವುದನ್ನೂ ವರ್ಣಿಸಿದನು.

ಅನಂತಪುರವೂ ಸೇರಿದ್ದ ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಒಂಬತ್ತು ಲಕ್ಷಕ್ಕೆ ಮೀರಿದ ಜನ, 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡದ ಶಾಲೆಗಳು 235, ತೆಲುಗಿನವು 226. ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳು ಶಾಲೆಗಳು. ಇಂಗ್ಲಿಷ್ ಶಾಲೆ ಒಂದೇ ಒಂದು. ಅಷ್ಟು ಮಕ್ಕಳಲ್ಲಿ ಹೆಣ್ಣುಮಕ್ಕಳು ಕೇವಲ 60.

ಮಗುವಿಗೆ ಐದು ತುಂಬಿದಾಗ ಅಯ್ಯನವರು ಶಿಷ್ಯರನ್ನು ಕರೆದುಕೊಂಡು ಆ ಮನೆಗೆ ಹೋಗುವರು. ಗಣೇಶನ ಮುಂದೆ ಎಲ್ಲರೂ ಕುಳಿತು, ಧೂಪ ಹಾಕಿ, ಮಗುವಿನಿಂದ ಪ್ರಾರ್ಥನೆ ಹೇಳಿಸಿ, ಅದರ ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ಹೆಸರು ಬರೆಯಿಸುವರು. ಅಲ್ಲಿಂದ ಮುಂದೆ ನೆಲದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು; ಅದು ಕೈಗೆ ಬಂದ ಮೇಲೆ ಹಲಗೆ, ಕಡತ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವರು. ಈ ಪದ್ಧತಿಯನ್ನು ಕ್ಯಾಂಬೆಲ್ ಮೆಚ್ಚಿಕೊಂಡಿದ್ದಾನೆ. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಎಂದೂ ಒಪ್ಪಿದ್ದಾನೆ. ಮದರಾಸಿನಲ್ಲಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ಇದನ್ನು ನೋಡಿ ಕಲಿತು, 1797ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ್ದನು.

ಆದರೆ ಆತನ ವರದಿಯಲ್ಲಿ ಎರಡು ದೂರುಗಳಿವೆ. ಮೊದಲನೆಯದು, ಹುಡುಗರು ಪದ್ಯಗಳನ್ನು ಬಾಯಿಪಾಠ ಮಾಡುತ್ತಾರೆ. ಆ ಭಾಷೆ ಮನೆಮಾತಿಗೆ ದೂರವಾದುದರಿಂದ ಅರ್ಥ ಮಾತ್ರ ಗಿಳಿಗೆ ತಿಳಿದಷ್ಟೇ ತಿಳಿಯುತ್ತದೆ ಎಂಬುದು. ಎರಡನೆಯದು ಇನ್ನೂ ಕಟುವಾದದ್ದು: ಜನ ಬಡವರಾಗುತ್ತಿದ್ದಾರೆ, ಮಗುವಿನ ಎಳೆಯ ಕೈಕಾಲು ತುಸು ಬಲಿತರೆ ಸಾಕು, ದುಡಿಮೆಗೆ ಬೇಕಾಗುತ್ತದೆ ಎಂಬುದು. ಕಂಪೆನಿ ಸರಕಾರದ ಅಧಿಕಾರಿಯೇ ಈ ಮಾತನ್ನು ಬರೆದನೆಂಬುದು ಗಮನಾರ್ಹ.

ಇಷ್ಟೆಲ್ಲ ಬರೆದ ಕ್ಯಾಂಬೆಲ್‌ಗೆ ಚರಿತ್ರೆ ಆರಂಭವಾಗುವುದು ಐದನೆಯ ವರ್ಷದಲ್ಲಿ. ಅದಕ್ಕೆ ಹಿಂದಿನ ಐದು ವರ್ಷ ಮಗು ಎಲ್ಲಿತ್ತು? ತೊಟ್ಟಿಲಲ್ಲಿ, ಅಜ್ಜಿಯ ಮಡಿಲಲ್ಲಿ, ಅಕ್ಕನ ಸೊಂಟದ ಮೇಲೆ. ತಾಯಿ ಜೋಳದ ಹೊಲಕ್ಕೆ ಹೋದರೆ ಬದುವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ. ಅಲ್ಲಿ ಜೋಗುಳವಿತ್ತು, ‘ಬುವ್ವ’, ‘ತಾಚಿ’ಗಳೆಂಬ ಪುಟ್ಟ ನಿಘಂಟಿತ್ತು, ಚಂದಮಾಮನನ್ನು ತೋರಿಸಿ ತುತ್ತಿಡುವ ಕೈಯಿತ್ತು. ಓನಾಮಕ್ಕೆ ಮೊದಲಿನ ಈ ಶಾಲೆಯ ಉಪಾಧ್ಯಾಯರೆಲ್ಲ ಹೆಂಗಸರು. ಅರವತ್ತು ಹುಡುಗಿಯರನ್ನು ಬಿಟ್ಟರೆ ಶಾಲೆಯ ಲೆಕ್ಕಕ್ಕೇ ಬಾರದವರು, ಜಿಲ್ಲೆಯ ಮಕ್ಕಳಿಗೆಲ್ಲ ಭಾಷೆ ಕೊಟ್ಟರು.

ಅವರು ಕೊಟ್ಟದ್ದು ಎಷ್ಟು ದೊಡ್ಡದೆಂಬುದು ಬಹಳ ತಡವಾಗಿ ತಿಳಿಯಿತು. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಇಂಗ್ಲಿಷ್ ಮನೆಯ ಕೂಸುಗಳಿಗೆ ಹಿಂದಿಯ ತಕಾರ ಟಕಾರಗಳನ್ನು ಕೇಳಿಸಿದರು. ಆರೆಂಟು ತಿಂಗಳ ಕೂಸುಗಳು ಎರಡಕ್ಕಿರುವ ಭೇದವನ್ನು ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಮಾಸಿತ್ತು. ಏಕೆಂದರೆ ಅವುಗಳ ಮನೆಯಲ್ಲಿ ಆ ಭೇದ ಯಾರಿಗೂ ಬೇಕಾಗಿರಲಿಲ್ಲ. ನಮ್ಮ ಮಗು ‘ತಾಳೆ’, ‘ಟೊಳ್ಳು’ ಎಂದು ಬರೆಯುವುದಕ್ಕೆ ನಾಲ್ಕಾರು ವರ್ಷ ಮುಂಚೆಯೇ ಅದರ ಕಿವಿ ಕನ್ನಡ ಕಲಿತಿರುತ್ತದೆ. ಅಮೆರಿಕದ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಇನ್ನೊಂದನ್ನು ತೋರಿಸಿದರು: ಎದುರಿಗೆ ಕುಳಿತು ಚೀನೀ ಮಾತಾಡಿದವರಿಂದ ಒಂಬತ್ತು ತಿಂಗಳ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಕಲಿತವು, ಅದೇ ಮಾತನ್ನು ಟೆಲಿವಿಷನ್ನಿನಲ್ಲಿ ಕೇಳಿದವು ಕಲಿಯಲಿಲ್ಲ. ಕೂಸಿಗೆ ಬೇಕಾದುದು ಮನುಷ್ಯರ ಮುಖ.

ತಾಯಿ ದುಡಿಯಲು ಹೋದಾಗ ಆ ಮುಖ ಯಾರದು? ಈ ಪ್ರಶ್ನೆ ಬಳ್ಳಾರಿಗೆ ಮಾತ್ರ ಬಂದದ್ದಲ್ಲ. ಕ್ಯಾಂಬೆಲ್ ವರದಿ ಬರೆಯುವುದಕ್ಕೆ ಏಳು ವರ್ಷ ಹಿಂದೆ, 1816ರಲ್ಲಿ, ಸ್ಕಾಟ್ಲೆಂಡಿನ ನ್ಯೂ ಲೆನಾರ್ಕಿನ ಗಿರಣಿಯ ಬಳಿ ರಾಬರ್ಟ್ ಓವನ್ ಕಾರ್ಮಿಕರ ಪುಟ್ಟ ಮಕ್ಕಳಿಗಾಗಿ ಶಾಲೆ ತೆರೆದನು. ಚಿಕ್ಕ ಮಕ್ಕಳನ್ನು ಪುಸ್ತಕಗಳಿಂದ ಕಾಡಬಾರದು, ಸುತ್ತಲಿನ ವಸ್ತುಗಳನ್ನು ತೋರಿಸಿ ಮಾತಾಡಬೇಕು ಎಂಬುದು ಅವನ ನಿಯಮ. ನಮ್ಮಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರ ಸಂಗಡ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿ ಎಂಬ ಹಳ್ಳಿಗೆ ಹೋಗಿ, ಮಕ್ಕಳಿರುವ ಅಂಗಳಕ್ಕೇ ಶಾಲೆಯನ್ನು ಒಯ್ದರು. ‘ಅಂಗನವಾಡಿ’ ಎಂಬ ಹೆಸರು ಹುಟ್ಟಿದ್ದು ಹಾಗೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸರಕಾರದ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ತಿರುಮಕೂಡಲು ನರಸೀಪುರ. ಅನಂತರ ಅದು ಊರೂರಿಗೆ ಹಬ್ಬಿತು.

ಆದರೆ ಅಂಗನವಾಡಿಯ ಪಾಠ ಆಟಗಳೆಲ್ಲ ಮೂರು ವರ್ಷ ದಾಟಿದವರಿಗೆ. ಅದಕ್ಕಿಂತ ಚಿಕ್ಕ ಕೂಸಿಗೆ ಪೌಷ್ಟಿಕ ಆಹಾರ ಮನೆಗೆ ಬಂತು. ಕೂಸನ್ನು ನೋಡಿಕೊಳ್ಳುವವರು ಬರಲಿಲ್ಲ. 2005ರ ಉದ್ಯೋಗ ಖಾತರಿ ಕಾಯಿದೆ, ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಒಬ್ಬ ಹೆಂಗಸನ್ನು ಅವರ ಪಾಲನೆಗೆ ನೇಮಿಸಬೇಕೆಂದು ವಿಧಿಸಿತು. ಕರ್ನಾಟಕ ಸರಕಾರ 2023ರಲ್ಲಿ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯಲು ಹೊರಟಿತು. ಮಳೆ ಕೈಕೊಟ್ಟರೆ ಗುಳೆ ಹೋಗುವ ಕೂಡ್ಲಿಗಿ, ಹರಪನಹಳ್ಳಿ ಕಡೆಯ ಜನಕ್ಕೆ ಇದು ಸಣ್ಣ ಸಂಗತಿಯಲ್ಲ. ತಾಯಿಗೆ ಊರಲ್ಲೇ ಕೂಲಿ, ಕೂಸಿಗೆ ಊರಲ್ಲೇ ನೆರಳು.

ಇಲ್ಲಿಯೇ ಒಂದು ಎಚ್ಚರ ಬೇಕು. ನೆರಳು, ಹಾಲು, ನಿದ್ದೆ ಇವಿಷ್ಟರಿಂದಲೇ ಕೂಸಿನ ಮನೆ ಮನೆಯಾಗುವುದಿಲ್ಲ. ಅಳದ ಕೂಸು ಒಳ್ಳೆಯ ಕೂಸು ಎಂದು ಮೂಲೆಯಲ್ಲಿ ಬಿಟ್ಟರೆ, ಅಥವಾ ಮೊಬೈಲು ಕೈಗಿತ್ತು ಸುಮ್ಮನಿರಿಸಿದರೆ, ತೊಟ್ಟಿಲ ಶಾಲೆಯೂ ಇಲ್ಲ, ಅಯ್ಯನವರ ಶಾಲೆಯೂ ಇಲ್ಲ. ಇನ್ನೊಂದು ಕಡೆ, ಎರಡು ವರ್ಷದ ಕೂಸಿನ ಕೈಗೆ ಬಳಪ ಕೊಟ್ಟು ಎ, ಬಿ, ಸಿ ತಿದ್ದಿಸುವ ಪಟ್ಟಣದವರ ಆತುರವೂ ಇದೆ. ಕ್ಯಾಂಬೆಲ್ ಕಂಡ ಗಿಳಿಪಾಠವೇ ಅದು; ಭಾಷೆ ಮಾತ್ರ ಬೇರೆ. ಮಾತು ತುಂಬಿದ ಮಗುವಿಗೆ ಅಕ್ಷರ ತಾನಾಗಿ ಅಂಟಿಕೊಳ್ಳುತ್ತದೆ. ಮಾತಿಲ್ಲದೆ ಬಂದ ಅಕ್ಷರ ಬರಿಯ ಗೆರೆ.

ಹಿಂದೊಮ್ಮೆ ಉಜ್ಜಿನಿಗೆ ಹೋಗುವ ದಾರಿಯಲ್ಲಿ, ಒಂದು ಊರಿನ ಅಂಗನವಾಡಿಯ ಕಟ್ಟೆಯ ಮೇಲೆ ಕುಳಿತಿದ್ದೆ. ಒಳಗೆ ಸಹಾಯಕಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಎರಡು ತುಂಬದ ಹೆಣ್ಣುಮಗುವೊಂದು ಮೊರಕ್ಕೆ ಕೈಹಾಕಿ ಏನನ್ನೋ ಹೆಕ್ಕಿತು. ಆಕೆ ಗದರಲಿಲ್ಲ. ‘ಏನವ್ವಾ ಅದು, ಕಲ್ಲೋ ಅಕ್ಕಿಯೋ?’ ಎಂದಳು. ಮಗು ಬೆರಳು ನೋಡಿಕೊಂಡು ‘ಕಲ್ಲು’ ಎಂದಿತು. ‘ಹೌದವ್ವಾ, ಕಲ್ಲು. ನಮಗೆ ಬ್ಯಾಡ ಕಲ್ಲು, ಅತ್ತಾಗ ಒಗಿ’ ಎಂದಳು. ಮಗು ಒಗೆಯಿತು, ಇನ್ನೊಂದನ್ನು ಹೆಕ್ಕಿ ತಾನೇ ‘ಅಕ್ಕಿ’ ಎಂದಿತು. ಹತ್ತು ನಿಮಿಷ ಇದು ನಡೆಯಿತು. ಆಕೆ ತನ್ನ ಕೆಲಸ ಮಾಡುತ್ತಿದ್ದೇನೆಂದೇ ತಿಳಿದಿದ್ದಳು, ಪಾಠ ಹೇಳುತ್ತಿದ್ದೇನೆಂದಲ್ಲ.

ಇನ್ನೂರು ವರ್ಷಗಳ ಹಿಂದೆ ಅದೇ ಸೀಮೆಯಲ್ಲಿ ಅಕ್ಕಿಯ ಮೇಲೆ ಬೆರಳಾಡಿಸಲು ಐದು ವರ್ಷ ತುಂಬಬೇಕಿತ್ತು, ಬಹುಮಟ್ಟಿಗೆ ಗಂಡಾಗಿಯೂ ಹುಟ್ಟಬೇಕಿತ್ತು. ಅದು ಬದಲಾಗಿದೆ, ಸಂತೋಷ. ಆದರೆ ಆ ಹತ್ತು ನಿಮಿಷಕ್ಕೆ ಎರಡು ಸೌಲಭ್ಯ ಬೇಕು: ಒಬ್ಬಳ ಕೈಕೆಳಗೆ ಎಣಿಕೆಗೆ ಮೀರಿದ ಕೂಸುಗಳಿರಬಾರದು, ಅವಳ ಹೊಟ್ಟೆಪಾಡು ನೆಮ್ಮದಿಯದಾಗಿರಬೇಕು. ಮುಂದೆ ಯಾವನಾದರೊಬ್ಬ ಅಧಿಕಾರಿ ಕ್ಯಾಂಬೆಲ್‌ನಂತೆ ಜಿಲ್ಲೆಯ ಲೆಕ್ಕ ಬರೆಯುವಾಗ, ಕಟ್ಟಡವೆಷ್ಟು, ಮಕ್ಕಳೆಷ್ಟು ಎಂಬುವುಗಳ ಪಕ್ಕದಲ್ಲಿ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿಕೊಳ್ಳಲಿ: ಈ ದಿನ ಈ ಕೂಸಿನ ಸಂಗಡ ಯಾರು ಮಾತಾಡಿದರು?